ಯಾವ ಕಿವಿ ಮೊದಲು

ಫೆಬ್ರವರಿಯ ಪೇಯಿಪ್ಸಿ ಸರೋವರ ರಾತ್ರಿ ಮಾತಾಡುತ್ತದೆ.
ಮೊದಲು ಹೊಟ್ಟೆಯೊಳಗಿಂದ ಗುಡುಗುಡು, ಆಮೇಲೆ
ಯಾರೋ ಮೈಲುದ್ದದ ತಂತಿ ಮೀಟಿ ಕೈಬಿಟ್ಟ ಹಾಗೆ
ಟ್ಯೂಂ.
ಮಂಜುಗಡ್ಡೆ ಸೀಳಿತೆಂದು ದಡದ ಕೂಸಿಗೂ ಗೊತ್ತು.
ಎತ್ತ ಕಡೆ ಸೀಳಿತು ಎನ್ನುವುದು
ಬೆಳಿಗ್ಗೆ ಬಲೆ ಹೊತ್ತು ಅದರ ಮೇಲೆ ನಡೆಯುವವರ ಪ್ರಶ್ನೆ.

ಅದಕ್ಕೇ ತಾರ್ತು ಊರಿನ ಮಾರಿಕಾ
ಎರಡು ತೂತು ಕೊರೆದು ಎರಡು ಮೈಕು ಇಳಿಬಿಟ್ಟಳು,
ನಡುವೆ ಒಂದು ಕಿಲೋಮೀಟರು.
ನೀರಿನಲ್ಲಿ ಸದ್ದು ಆ ದಾರಿ ಸವೆಸಲು
ಮುಕ್ಕಾಲು ಸೆಕೆಂಡು ಸಾಕು.
ಯಾವ ಕಿವಿ ಮೊದಲು ಕೇಳಿತೋ, ಬಿರುಕು ಆ ಕಡೆ.
ಇಷ್ಟೇ ಲೆಕ್ಕ.

ಉತ್ತರದ ಪೆಟ್ಟಿಗೆಯಲ್ಲಿ ಒಂದು ಕುಲದ ಕಂಪ್ಯೂಟರು,
ದಕ್ಷಿಣದ್ದರಲ್ಲಿ ಇನ್ನೊಂದು
(ಅನುದಾನ ಬಂದದ್ದೇ ಎರಡು ಕಂತಿನಲ್ಲಿ).
ಒಂದಕ್ಕೆ ಯುಗಾದಿ ಸಾವಿರದ ಒಂಬೈನೂರ ಎಪ್ಪತ್ತು;
ಅಲ್ಲಿಂದ ಎಣಿಸುತ್ತ ಬಂದಿದೆ,
ಸೆಕೆಂಡನ್ನು ನೂರು ಕೋಟಿ ಚೂರು ಮಾಡಿ.
ಇನ್ನೊಂದಕ್ಕೆ ಲೋಕ ಶುರುವಾದದ್ದು ಸಾವಿರದ ಆರುನೂರ ಒಂದರಲ್ಲಿ;
ಅದರ ಚೂರು ತುಸು ದಪ್ಪ, ಸೆಕೆಂಡಿಗೆ ಕೋಟಿ ಮಾತ್ರ.
ಈ ಮನೆಯಲ್ಲಿ ‘ಸಿ’ ಅಂದರೆ ಹುಟ್ಟಿದ ಹೊತ್ತು,
ಆ ಮನೆಯಲ್ಲಿ ಅದೇ ‘ಸಿ’ ಅಂದರೆ ಬದಲಾದ ಹೊತ್ತು.
ಎತ್ತು ಏರಿಗೆ, ಕೋಣ ನೀರಿಗೆ.

ಇರಲಿ. ಇವರಿಬ್ಬರ ಜಗಳ ಬಗೆಹರಿಯುವಂಥದ್ದು.
ಕೂಡು, ಕಳೆ, ಗುಣಿಸು; ಮೂರನೇ ಇಯತ್ತೆ ಸಾಕು.
ಕೆಡಿಸಿದ್ದು ನಡುವೆ ಓಡಾಡಿದ ಬೆರಳುದ್ದದ ಪೆನ್‌ಡ್ರೈವು.
ಉಕು ಅದನ್ನು ಕೈಗವಸಿನೊಳಗೆ ಬೆಚ್ಚಗಿಟ್ಟು
ಎರಡೂ ಪೆಟ್ಟಿಗೆಗೆ ಸ್ಕೀ ಮೇಲೆ ಹೋಗಿ ತಂದಿದ್ದ.
ಹಳೇ ಕಾಲದ ಶಾನುಭೋಗ ಅದು:
ಬೆಸ ಸೆಕೆಂಡು ಬರೆಯಲು ಬಾರದು,
ಎರಡೆರಡಾಗಿ ಎಣಿಸುತ್ತದೆ,
ಚಿಲ್ಲರೆ ವಾಪಸು ಕೊಡುವುದಿಲ್ಲ.

ಪರದೆಯ ಮೇಲೆ ಎರಡು ಸಾಲು.
ಉತ್ತರ: ಮೂರು ಹದಿನೇಳು, ನಲವತ್ತೆರಡನೇ ಸೆಕೆಂಡು,
ಆಮೇಲೆ ಒಂಬತ್ತು ಸೊನ್ನೆ.
ದಕ್ಷಿಣ: ಮೂರು ಹದಿನೇಳು, ನಲವತ್ತೆರಡನೇ ಸೆಕೆಂಡು,
ಆಮೇಲೆ ಒಂಬತ್ತು ಸೊನ್ನೆ.
ಆಲಿಕಲ್ಲು ಪೋಣಿಸಿಟ್ಟ ಹಾಗೆ
ಎಷ್ಟು ಚೆಂದ, ಎಷ್ಟು ನಿಖರ, ಎಷ್ಟು ಸುಳ್ಳು.

ಈರುಳ್ಳಿ ಜಡೆಗಳು ತೂಗುವ ಅಡುಗೆಮನೆಯಲ್ಲಿ
ಕೊಂಡ್ರಾತಿ ಚಹಾ ಬಗ್ಗಿಸುತ್ತ ಕೇಳಿದ:
ಎರಡು ಕಿವಿಗೂ ಒಟ್ಟಿಗೇ ಕೇಳಿಸಿತೇನು?
ಇಲ್ಲ.
ಯಾವುದು ಮೊದಲು?
ಗೊತ್ತಿಲ್ಲ.
ಬರೆದಿದೆಯಲ್ಲಮ್ಮ, ಇಷ್ಟುದ್ದ?
ಬರೆದಿದೆ.
ಮುದುಕ ಒಲೆಯ ಬದಿಯ ನಾಯಿಯನ್ನು ನೋಡಿದ.
ಇವಳು ಆಗ ಮೂತಿ ತಿರುಗಿಸಿದ್ದು ದಕ್ಷಿಣಕ್ಕೆ,
ನಾನು ಉತ್ತರಕ್ಕೆ ಹೋಗುತ್ತೇನೆ, ಅಂದ. ಹೋದ.
ಸಂಜೆ ಮೀನು ತಂದ.

ಆ ವಾರವಿಡೀ ಮಾರಿಕಾ ಬರೆದಳು.
ನಾಲ್ಕು ಹೆಸರಿನ ಒಂದೇ ಗಳಿಗೆಗೆ ಒಂದು ಹೆಸರು,
ಎರಡು ಯುಗಾದಿಗಳ ನಡುವೆ ಒಂದು ಸೇತುವೆ,
ಹುಟ್ಟು ಹುಟ್ಟೇ, ಬದಲಾವಣೆ ಬದಲಾವಣೆಯೇ.
ಕೊನೆಗೆ ಯಾರೂ ಕೇಳದ ಇನ್ನೊಂದು ಅಂಕಣ:
ಇದನ್ನು ಎಷ್ಟನೇ ಚೂರಿನವರೆಗೆ ನಂಬಬಹುದು.
ಶಾನುಭೋಗನ ಕೈದಾಟಿ ಬಂದ ಹೊತ್ತಿನ ಬಾಲದಲ್ಲಿ
ಸೊನ್ನೆಗಳನ್ನೆಲ್ಲ ಅಳಿಸಿ ಇಟ್ಟಳು: ಗೊತ್ತಿಲ್ಲ.
ನೋಡಲು ಅಸಹ್ಯವಾಗಿದೆ, ಅಂದ ಉಕು.
ಸೊನ್ನೆ ಇದ್ದರೇನು ನಷ್ಟ, ಯಾರು ನೋಡುತ್ತಾರೆ?
ನಾಯಿ, ಅಂದಳು.

ಮಾರ್ಚಿನಲ್ಲಿ ಒಂದು ರಾತ್ರಿ ಮತ್ತೆ ಟ್ಯೂಂ.
ಈ ಸಲ ಪೆನ್‌ಡ್ರೈವಿಲ್ಲ, ತಂತಿ ಎಳೆದಿದ್ದರು.
ದಕ್ಷಿಣದ ಕಿವಿಗೆ ಮೊದಲು,
ಉತ್ತರದ್ದಕ್ಕೆ ಅರ್ಧ ಸೆಕೆಂಡು ಕಳೆದು;
ಚೂರುಗಳೆಲ್ಲ ಇದ್ದಲ್ಲೇ ಇದ್ದವು.
ಎರಡು ಪೆಟ್ಟಿಗೆಯ ಗಡಿಯಾರಗಳೂ
ಒಂದನ್ನೊಂದು ಕೇಳಿ ಹೊತ್ತು ತಿದ್ದಿಕೊಂಡಿದ್ದವೇ?
ಅವಳಿಗೆ ಆಗ ಹೊಳೆಯಿತು.
ಕೋಟು ಹಾಕಿಕೊಂಡು ಹೊರಗೆ ಬಂದಳು,
ಕೊಂಡ್ರಾತಿಯ ಕಿಟಕಿಯಲ್ಲಿ ದೀಪ ಇದೆಯೇ ನೋಡಲು.